ಹೆಸರಿಲ್ಲದ ಸಕ್ಯುಲೆಂಟ್‌ಗಳು: ಪುಣೆಯ ಸೋಲಾಪುರ ರಸ್ತೆಯ ಒಂದು ನರ್ಸರಿಯ ವಿಮರ್ಶೆ

ಪುಣೆಯಲ್ಲಿ ಗಿಡ ಬೆಳೆಸುವ ಕನ್ನಡಿಗರಿಗೆ ಹಡಪಸರ್ ದಾಟಿದ ಮೇಲಿನ ಸೋಲಾಪುರ ರಸ್ತೆಯ ಪರಿಚಯ ಇದ್ದೇ ಇರುತ್ತದೆ. ಲೋಣಿ ಕಾಳಭೋರ್, ಉರುಳಿ ಕಾಂಚನದವರೆಗೆ ರಸ್ತೆಯ ಇಕ್ಕೆಲಗಳಲ್ಲಿ ಹಸಿರು ನೆರಳುಬಲೆ ಹೊದ್ದ ನರ್ಸರಿಗಳು ಅಲ್ಲಲ್ಲಿ ಸಾಲುಗಟ್ಟಿವೆ. ಸೋಲಾಪುರ, ವಿಜಯಪುರ, ಕಲಬುರಗಿಯ ಕಡೆಗೆ ಊರಿಗೆ ಹೋದವರು ಮರಳುವಾಗ ಕಾರಿನ ಡಿಕ್ಕಿಯಲ್ಲಿ ಒಂದೆರಡು ಕುಂಡಗಳನ್ನು ಇಟ್ಟುಕೊಂಡೇ ಪುಣೆ ಸೇರುತ್ತಾರೆ. ಈ ಬರಹ ಆ ಸಾಲಿನ ಮಧ್ಯಮ ಗಾತ್ರದ ಒಂದು ನರ್ಸರಿಯ ಸಕ್ಯುಲೆಂಟ್ ವಿಭಾಗವನ್ನು, ಅಂದರೆ ದಪ್ಪ ಎಲೆ, ಕಾಂಡಗಳಲ್ಲಿ ನೀರು ಹಿಡಿದಿಡುವ ಗಿಡಗಳ ವಿಭಾಗವನ್ನು ಕುರಿತದ್ದು. ನರ್ಸರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಮುಖ್ಯ ಆಕ್ಷೇಪ, ಅಂದರೆ ಗಿಡಗಳಿಗೆ ಹೆಸರುಚೀಟಿಯೇ ಇಲ್ಲದಿರುವುದು, ಅಕ್ಕಪಕ್ಕದ ಹಲವು ನರ್ಸರಿಗಳಿಗೂ ಅಷ್ಟೇ ಅನ್ವಯಿಸುವುದರಿಂದ ಒಂದನ್ನು ಮಾತ್ರ ಬೊಟ್ಟು ಮಾಡಿ ತೋರಿಸುವುದು ನ್ಯಾಯವಲ್ಲ.

ಮೊದಲು ಮೆಚ್ಚಬೇಕಾದುದನ್ನು ಹೇಳುತ್ತೇನೆ. ಗಿಡಗಳು ಆರೋಗ್ಯವಾಗಿವೆ. ಸಕ್ಯುಲೆಂಟ್‌ಗಳಿಗಾಗಿಯೇ ಪಾರದರ್ಶಕ ಹಾಳೆಯ ಚಾವಣಿ ಇರುವ ಪ್ರತ್ಯೇಕ ಶೆಡ್ ಕಟ್ಟಿದ್ದಾರೆ. ಬೆಳಕು ಧಾರಾಳವಾಗಿ ಬರುತ್ತದೆ, ಮಳೆ ಮಾತ್ರ ಒಳಗೆ ಬೀಳುವುದಿಲ್ಲ. ಎಲೆಗಳ ಸಂದಿಯಲ್ಲಿ ಹತ್ತಿಯ ಎಳೆಯಂತೆ ಕಾಣುವ ಹಿಟ್ಟು ತಿಗಣೆಯನ್ನು ನಾನು ಪ್ರತಿ ಸಲವೂ ಹುಡುಕುತ್ತೇನೆ, ಇಲ್ಲಿ ಅದು ಅಪರೂಪ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಪ್ಪು ಪ್ಲಾಸ್ಟಿಕ್ ಕುಂಡದ ಗಿಡಕ್ಕೆ 80 ರೂಪಾಯಿ, ಯಾವ ಗಿಡವಾದರೂ ಅದೇ ಬೆಲೆ. ಕೋರೆಗಾಂವ್ ಪಾರ್ಕಿನ ಅಲಂಕಾರಿಕ ಅಂಗಡಿಗಳಲ್ಲಿ ಇಂಥದೇ ಗಿಡಕ್ಕೆ ಪಿಂಗಾಣಿ ಬಟ್ಟಲಿನ ನೆಪದಲ್ಲಿ ತೆರಬೇಕಾದ ಹಣವನ್ನು ನೆನೆದರೆ ಇದು ಏನೂ ಅಲ್ಲ. ಎಲ್ಲವೂ ಬರೀ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ನೆಟ್ಟ ಗಿಡಗಳಾದ್ದರಿಂದ ಮನೆಗೆ ತಂದ ಮೇಲೆ ಮಣ್ಣು ಬದಲಿಸುವುದು ಅನಿವಾರ್ಯ; ಅದನ್ನು ದೋಷವೆಂದು ಎಣಿಸುವುದಿಲ್ಲ, ಸಗಟು ವ್ಯಾಪಾರದಲ್ಲಿ ಹಗುರವಾದ ಮಾಧ್ಯಮವೇ ಸಾಗಣೆಗೆ ಅನುಕೂಲ.

ದೋಷವೆಂದು ಎಣಿಸುವುದು ಎರಡನ್ನು. ಚಿಕ್ಕದು ಇದು: ಬಾಗಿಲ ಬಳಿಯ ಟ್ರೇಯಲ್ಲಿರುವ ಗುಂಡು ಕ್ಯಾಕ್ಟಸ್‌ಗಳ ನೆತ್ತಿಯ ಮೇಲೆ ಕಾಗದದಂತೆ ಗರಗರ ಎನ್ನುವ ಕೆಂಪು, ಹಳದಿ ಹೂಗಳಿವೆ. ಅವು ಗಿಡದ ಹೂಗಳಲ್ಲ, ಒಣಗಿಸಿದ ಬೇರೆ ಹೂಗಳನ್ನು ಬಿಸಿ ಅಂಟಿನಿಂದ ಕೂರಿಸಿದ್ದು. ಭೂತಗನ್ನಡಿ ಹಿಡಿದರೆ ಹೂವಿನ ಬುಡದಲ್ಲಿ ಹೆಪ್ಪುಗಟ್ಟಿದ ಅಂಟಿನ ಹನಿ ಮುಳ್ಳುಗಳ ನಡುವೆ ಹೊಳೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಗಿಡ ಬೆಳೆಯುವ ನೆತ್ತಿಯನ್ನೇ ಹೀಗೆ ಮುಚ್ಚಿದರೆ ಹೊಸ ಬೆಳವಣಿಗೆ ಸೊಟ್ಟಗಾಗುತ್ತದೆ. ಸರಬರಾಜುದಾರರೇ ಹೀಗೆ ಅಂಟಿಸಿ ಕಳಿಸುತ್ತಾರೆ ಎಂಬುದು ಮಾಲೀಕರ ಸಮಜಾಯಿಷಿ. ಇರಬಹುದು, ಆದರೆ ಕೊಳ್ಳುವವರಿಗೆ ಅದನ್ನು ತಿಳಿಸುವ ಹೊಣೆ ಮಾರುವವರದೇ.

ದೊಡ್ಡ ದೋಷ ಹೆಸರಿನದು. ಶೆಡ್ಡಿನಲ್ಲಿ ನೂರಾರು ಕುಂಡಗಳಿದ್ದರೂ ಒಂದರಲ್ಲಿಯೂ ಚೀಟಿ ಇಲ್ಲ. ಮಾಲೀಕರನ್ನು ಮರಾಠಿಯಲ್ಲಿ ಕೇಳಿದರೆ ಎಲ್ಲಕ್ಕೂ ‘ಸಕ್ಯುಲೆಂಟ್’ ಎಂಬ ಒಂದೇ ಉತ್ತರ ಬರುತ್ತದೆ. ನೀರು ಹಾಕುವ ಮಾಳಿ ಇಂಡಿ ತಾಲ್ಲೂಕಿನವರು, ನಾವು ಕನ್ನಡದವರೆಂದು ತಿಳಿದ ಮೇಲೆ ಮಾತು ಸಲೀಸಾಯಿತು. “ಹೆಸರು ನಮಗೂ ಗೊತ್ತಿಲ್ರೀ ಅಕ್ಕಾರ, ಗಾಡ್ಯಾಗ ಹಿಂಗ ಬರ್ತಾವ. ಆದ್ರ ಯಾವುದಕ್ಕ ನೀರು ಕಡಿಮಿ ಹಾಕಬೇಕಂತ ಕೇಳ್ರಿ, ಅದನ್ನ ಹೇಳ್ತೀನಿ” ಎಂದರು. ಅವರು ತೋರಿಸಿದ್ದು ಬಹುಪಾಲು ಸರಿಯಾಗಿಯೇ ಇತ್ತು. ಎಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಗಟ್ಟಿಯಾಗಿದ್ದರೆ ಮುಂದಕ್ಕೆ ಹೋಗುತ್ತಾರೆ, ಮೆತ್ತಗಿದ್ದರೆ ಮಾತ್ರ ನೀರು. ಈ ನರ್ಸರಿಯ ಗಿಡಗಳ ಆರೋಗ್ಯದ ಗುಟ್ಟು ಶೆಡ್ಡಿಗಿಂತ ಹೆಚ್ಚಾಗಿ ಆ ಹೆಬ್ಬೆರಳಿನಲ್ಲಿದೆ ಎಂದು ನನಗೆ ಅನ್ನಿಸಿತು.

ಆದರೆ ಆ ಮಾಳಿ ನಮ್ಮ ಮನೆಗೆ ಬರುವುದಿಲ್ಲವಲ್ಲ. ಹೆಸರು ಬೇಕಾಗುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ದಕ್ಷಿಣ ಆಫ್ರಿಕಾ ಮೂಲದ ಹಾವರ್ಥಿಯಾ ತಂಪಿನ ತಿಂಗಳುಗಳಲ್ಲಿ ಚೆನ್ನಾಗಿ ಬೆಳೆದು ಏಪ್ರಿಲ್, ಮೇ ತಿಂಗಳ ಪುಣೆಯ ಬಿಸಿಲಿನಲ್ಲಿ ಮುದುಡಿ ಕೂರುತ್ತದೆ. ಆಗ ನೀರು ಸುರಿದರೆ ಬೇರು ಕೊಳೆಯುತ್ತದೆ. ಮೆಕ್ಸಿಕೋ ಮೂಲದ ಎಚೆವೆರಿಯಾಕ್ಕೆ ನೇರ ಬೆಳಕು ಬೇಕು, ಸಿಗದಿದ್ದರೆ ಕಾಂಡ ಉದ್ದವಾಗಿ ಎಲೆಗಳು ದೂರ ದೂರ ಸರಿದು ರೂಪವೇ ಕೆಡುತ್ತದೆ. ಕಳ್ಳಿಯ ಜಾತಿಯ ಯೂಫೋರ್ಬಿಯಾದ ಹಾಲು ಕಣ್ಣಿಗೆ ತಗುಲಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಲಾಂಚೋಯ್ ಎಲೆಗಳಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷಾಂಶವಿರುವುದರಿಂದ ನಾಯಿ, ಬೆಕ್ಕು ಇರುವ ಮನೆಯಲ್ಲಿ ಅದನ್ನು ಎಟುಕದ ಕಡೆ ಇಡಬೇಕು. ಇವೆಲ್ಲವನ್ನೂ ‘ಸಕ್ಯುಲೆಂಟ್, ವಾರಕ್ಕೊಮ್ಮೆ ನೀರು’ ಎಂಬ ಒಂದೇ ಸಲಹೆಯಲ್ಲಿ ಮುಗಿಸಲು ಬರುವುದಿಲ್ಲ.

ಫೋನಿನಲ್ಲಿ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳಿರುವಾಗ ಚೀಟಿ ಏಕೆ ಎಂದು ಕೇಳುವವರಿದ್ದಾರೆ. ನಾನು ಹಣ ಕೊಟ್ಟು ಬಳಸುವ ಒಂದು ಆ್ಯಪ್ ಇಲ್ಲಿಯ ಗಿಡಗಳ ಕುಲವನ್ನು, ಅಂದರೆ ಹತ್ತಿರದ ಸಂಬಂಧದ ಗಿಡಗಳ ಗುಂಪನ್ನು, ಸಾಮಾನ್ಯವಾಗಿ ಸರಿಯಾಗಿಯೇ ಹೇಳಿತು, ಆ ಗುಂಪಿನೊಳಗಿನ ಪ್ರಭೇದದ ಮಟ್ಟಕ್ಕೆ ಬಂದಾಗ ಅದೇ ಗಿಡಕ್ಕೆ ಮೇಲಿನಿಂದ ತೆಗೆದ ಫೋಟೊದಲ್ಲಿ ಒಂದು ಹೆಸರು, ಪಕ್ಕದಿಂದ ತೆಗೆದುದರಲ್ಲಿ ಇನ್ನೊಂದು ಹೆಸರು ಕೊಟ್ಟಿತು. ಇದರಲ್ಲಿ ಆಶ್ಚರ್ಯವಿಲ್ಲ. ಆ್ಯಪ್ ಹೋಲಿಸುವುದು ಫೋಟೊಗಳನ್ನು. ಎಳೆಯ ಗಿಡ, ನೆರಳಿನಲ್ಲಿ ಸೊರಗಿದ ಗಿಡ, ಎರಡು ಕುಲಗಳ ಸಂಕರ ಇವುಗಳಲ್ಲಿ ಎಲೆಯ ಆಕಾರವೇ ದಾರಿ ತಪ್ಪಿಸುತ್ತದೆ. ಉತ್ತರದ ಜೊತೆಗೆ ಅದು ತೋರಿಸುವ ಶೇಕಡಾ 90ರ ಭರವಸೆಯೂ ತನಗೆ ಗೊತ್ತಿರುವ ಚಿತ್ರಗಳ ಪೈಕಿ ಯಾವುದು ಹತ್ತಿರ ಎಂಬುದರ ಲೆಕ್ಕವೇ ಹೊರತು ಗಿಡದ ಕುರಿತಾದ ಪ್ರಮಾಣಪತ್ರವಲ್ಲ. ಪುಣೆಯಲ್ಲಿ 1955ರಿಂದ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರವೇ ಇದೆ ಎಂದು ಸ್ನೇಹಿತರೊಬ್ಬರು ನೆನಪಿಸಿದರು; ಆದರೆ ಅಲ್ಲಿಯ ಒಣಸಸ್ಯ ಸಂಗ್ರಹ ಮುಖ್ಯವಾಗಿ ಈ ಸೀಮೆಯ ಕಾಡುಮೇಡಿನ ಸಸ್ಯಗಳದ್ದು, ಕುಂಡದಲ್ಲಿ ಹುಟ್ಟಿದ ಸಂಕರ ತಳಿಗಳಿಗಾಗಿ ಅಲ್ಲಿಗೆ ಹೋಗುವುದು ಸರಿಯಲ್ಲ.

ಹಾಗಾಗಿ ಈ ನರ್ಸರಿಯಿಂದ ಕೊಳ್ಳುವವರು ಗುರುತಿಸುವ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. ಅದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ನಾನು ಕೊಂಡ ಗಿಡಗಳ ಆಧಾರದಲ್ಲಿಯೇ ಹೇಳುವುದು ಉತ್ತಮ, ಏಕೆಂದರೆ ಈ ಅಂಗಡಿಯ ಸರಕಿನ ನಿಜವಾದ ಗುಣ ತಿಳಿಯುವುದೂ ಅಲ್ಲಿಯೇ.

ಅತಿ ಸುಲಭವಾದುದು ‘ಜೇಡ್’. ಇಲ್ಲಿ ಜೇಡ್ ಎಂದು ಮಾರುವುದು ಬಹುತೇಕ ಪೋರ್ಚುಲಕೇರಿಯಾ ಆಫ್ರಾ: ಕೆಂಪು ಮಿಶ್ರಿತ ಕಂದು ಬಣ್ಣದ ತೆಳು ಕಾಂಡ, ಉಗುರಿನಷ್ಟು ಚಿಕ್ಕ ದುಂಡೆಲೆ. ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ಇದನ್ನು ಸೊಪ್ಪಿನಂತೆ ಮೇಯುತ್ತವೆ. ಪುಸ್ತಕಗಳಲ್ಲಿ ಜೇಡ್ ಎಂದು ಕರೆಯುವುದು ಕ್ರಾಸುಲಾ ಓವಾಟಾವನ್ನು. ಅದರ ಎಲೆ ದೊಡ್ಡದು, ಕಾಂಡ ದಪ್ಪ, ಎರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಆರೈಕೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಗೊಂದಲದಿಂದ ಯಾರ ಗಿಡವೂ ಸಾಯುವುದಿಲ್ಲ.

‘ಕ್ಯಾಕ್ಟಸ್’ ಎಂದು ಮಾರುವವುಗಳ ವಿಷಯದಲ್ಲಿ ಹಾಗೆ ಹೇಳಲಾಗದು. ಕ್ಯಾಕ್ಟಸ್ ಟ್ರೇಯಲ್ಲಿಯೇ ಮೂರು ಏಣಿನ ಕಾಂಡದ, ಏಣಿನ ಅಂಚಿನಲ್ಲಿ ಜೋಡಿ ಮುಳ್ಳು ಮತ್ತು ಚಿಕ್ಕ ಎಲೆಗಳಿರುವ ಗಿಡವೊಂದಿತ್ತು. ಅದು ಯೂಫೋರ್ಬಿಯಾ ಟ್ರೈಗೋನಾ, ನಮ್ಮೂರ ಬೇಲಿಯ ಕಳ್ಳಿಯ ಬಳಗದ್ದು. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಉಣ್ಣೆಯಂಥ ಪುಟ್ಟ ದಿಂಬಿನಿಂದ ಗೊಂಚಲಾಗಿ ಹೊರಡುತ್ತವೆ, ಯೂಫೋರ್ಬಿಯಾದಲ್ಲಿ ಆ ದಿಂಬು ಇರುವುದಿಲ್ಲ. ಹಾಲು ಬರುತ್ತದೆಯೇ ಎಂದು ಗೀರಿ ನೋಡುವ ಪರೀಕ್ಷೆಯನ್ನು ಹಲವರು ಹೇಳಿಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಮ್ಯಾಮಿಲ್ಲೇರಿಯಾದಂಥ ಕೆಲವು ಕ್ಯಾಕ್ಟಸ್‌ಗಳಲ್ಲಿಯೂ ಬಿಳಿ ಹಾಲಿರುತ್ತದೆ, ಮೇಲಾಗಿ ಅಪಾಯವಿರುವುದು ಆ ಹಾಲಿನಲ್ಲಿಯೇ. ದಿಂಬನ್ನು ನೋಡಿದರೆ ಸಾಕು. ಮಕ್ಕಳಿರುವ ಮನೆಯವರಿಗೆ ಮಾರುವಾಗ ಈ ಒಂದು ಗಿಡಕ್ಕಾದರೂ ಎಚ್ಚರಿಕೆಯ ಚೀಟಿ ಇರಲೇಬೇಕು ಎಂದು ಮಾಲೀಕರಿಗೆ ಹೇಳಿ ಬಂದಿದ್ದೇನೆ.

ಬಿಳಿ ಪಟ್ಟೆಯ ‘ಜೀಬ್ರಾ’ ಹಾವರ್ಥಿಯಾದ ಬಳಗದ್ದು; ಅದು ಯಾವ ಪ್ರಭೇದ ಎಂಬುದಕ್ಕೆ ಎಲೆಯ ಒಳಮೈ ಮೇಲೆ ಬೆರಳಾಡಿಸಿದರೆ ಉತ್ತರ ಸಿಗುತ್ತದೆ. ಒಳಮೈ ನುಣುಪಾಗಿದ್ದು ಹೊರಮೈಯಲ್ಲಿ ಮಾತ್ರ ಬಿಳಿ ಗುಳ್ಳೆಗಳಿದ್ದರೆ ಫ್ಯಾಸಿಯೇಟಾ, ಎರಡೂ ಕಡೆ ತರಿತರಿಯಾಗಿದ್ದರೆ ಅಟೆನ್ಯುಯೇಟಾ. ಇಲ್ಲಿ ಮುಟ್ಟಿ ನೋಡಿದವೆಲ್ಲ ಎರಡನೆಯವು. ಆ್ಯಪ್ ಮಾತ್ರ ಪಟ್ಟುಹಿಡಿದು ಫ್ಯಾಸಿಯೇಟಾ ಎನ್ನುತ್ತಿತ್ತು. ಬೆರಳಿಗೆ ತಿಳಿಯುವ ತರಿ ಕ್ಯಾಮೆರಾಕ್ಕೆ ಹೇಗೆ ತಿಳಿದೀತು? ಹಾವರ್ಥಿಯಾ ಕುಲವನ್ನು 2013ರಲ್ಲಿ ಒಡೆದು ಈ ಗುಂಪನ್ನು ಹಾವರ್ಥಿಯಾಪ್ಸಿಸ್ ಎಂದು ಬೇರ್ಪಡಿಸಿದ ಮೇಲೆ ಹಳೆಯ ಹೆಸರು, ಹೊಸ ಹೆಸರು ಎರಡೂ ಚಲಾವಣೆಯಲ್ಲಿವೆ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

ನಿಜವಾಗಿ ಕಾಡಿದ್ದು ಕೆಳಗಿನ ಹಲಗೆಯ ಮೂಲೆಯಲ್ಲಿದ್ದ ಒಂದು ಗಿಡ. ನಾಲಿಗೆಯಂತೆ ಚಪ್ಪಟೆಯಾದ ಕಡುಹಸಿರು ಎಲೆಗಳು ಎದುರುಬದುರಾಗಿ ಎರಡೇ ಸಾಲಿನಲ್ಲಿ ಒಂದರ ಮೇಲೊಂದು ಕೂತಿದ್ದವು, ಮೈತುಂಬ ಬಿಳಿ ಚುಕ್ಕೆ. ಆ್ಯಪ್ ಒಮ್ಮೆ ಅಲೋ (ಲೋಳೆಸರದ ಕುಲ) ಎಂದಿತು, ಒಮ್ಮೆ ಹಾವರ್ಥಿಯಾ ಎಂದಿತು. ಎರಡು ಸಾಲಿನ ಜೋಡಣೆಯನ್ನು ನೋಡಿ ಗ್ಯಾಸ್ಟೀರಿಯಾ ಇರಬಹುದೆಂದುಕೊಂಡೆ, ಆದರೆ ಎಳೆಯ ಅಲೋ ಗಿಡಗಳೂ ಕೆಲವೊಮ್ಮೆ ಎರಡು ಸಾಲಿನಲ್ಲಿಯೇ ಎಲೆ ಬಿಡುತ್ತವೆ. ಇವೆರಡರ ಸಂಕರವಾದ ಗ್ಯಾಸ್ಟರಾಲೋ ಕೂಡ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ತೀರ್ಪು ಕೊಡಬೇಕಾದುದು ಹೂವು. ಚಳಿಗಾಲ ಮುಗಿಯುವ ಹೊತ್ತಿಗೆ ಎಲೆಗಳ ನಡುವಿನಿಂದ ತೆಳುವಾದ ಹೂದಂಡು ಎದ್ದು, ಬಾಗಿ, ಅದರ ಒಂದೇ ಮಗ್ಗುಲಿಗೆ ಹೂಗಳು ತೂಗತೊಡಗಿದವು. ಪ್ರತಿ ಹೂವಿನ ಬುಡದ ಭಾಗ ಹೊಟ್ಟೆಯಂತೆ ಉಬ್ಬಿ ಕಿತ್ತಳೆ ಮಿಶ್ರಿತ ಗುಲಾಬಿ ಬಣ್ಣದ್ದಾಗಿತ್ತು, ಅಲ್ಲಿಂದ ಮುಂದೆ ಕೊಳವೆ ಕಿರಿದಾಗಿ ಬಾಗಿ ತುದಿ ಹಸಿರಾಗಿತ್ತು. ಅಲೋ ಹೂವಿನ ಕೊಳವೆಗೆ ಈ ಹೊಟ್ಟೆ ಇರುವುದಿಲ್ಲ. ಹಾವರ್ಥಿಯಾದ ಹೂವಂತೂ ಬೆಳ್ಳಗೆ, ಚಿಕ್ಕದಾಗಿ, ಎರಡು ತುಟಿಯಾಗಿ ಸೀಳಿರುತ್ತದೆ. ಗಿಡ ಗ್ಯಾಸ್ಟೀರಿಯಾ ಎಂಬಲ್ಲಿಗೆ ಸಂಶಯ ಮುಗಿಯಿತು. ಪ್ರಭೇದ ಯಾವುದೆಂದು ನಾನು ಬರೆದಿಲ್ಲ. ಈ ಕುಲದಲ್ಲಿ ಎಳೆಯ ಗಿಡದ ಎಲೆಗೂ ಬಲಿತ ಗಿಡದ ಎಲೆಗೂ ಹೋಲಿಕೆಯೇ ಇಲ್ಲದಷ್ಟು ವ್ಯತ್ಯಾಸವಿರುತ್ತದೆ, ತೋಟಗಳಲ್ಲಿ ಒಂದಕ್ಕೊಂದು ಸುಲಭವಾಗಿ ಬೆರೆಯುತ್ತವೆ. ಎಲ್ಲಿಂದ ಬಂತೆಂದು ತಿಳಿಯದ ಗಿಡಕ್ಕೆ ಕುಲದ ಹೆಸರಿನಲ್ಲಿ ನಿಲ್ಲುವುದೇ ಪ್ರಾಮಾಣಿಕತೆ, ಆರೈಕೆಗೂ ಅಷ್ಟು ತಿಳಿದರೆ ಸಾಕು.

ಹೂವನ್ನು ಕಾಯುವ ತಾಳ್ಮೆ ಇರುವವರಿಗೆ ಇನ್ನೊಂದು ಗುಂಪಿನಲ್ಲಿ ಎಣಿಕೆಯೇ ದಾರಿ ತೋರಿಸುತ್ತದೆ. ಕ್ರಾಸುಲಾ ಹೂವಿನಲ್ಲಿ ಸಾಮಾನ್ಯವಾಗಿ 5 ದಳ, 5 ಕೇಸರ. ಎಚೆವೆರಿಯಾದಲ್ಲಿ 5 ದಳ, 10 ಕೇಸರ. ಕಲಾಂಚೋಯ್‌ನಲ್ಲಿ 4 ದಳ, 8 ಕೇಸರ. ಹಳ್ಳಿಯವರು ಕಾಡುಬಸಳೆ ಎಂದೂ ಮರಾಠಿಗರು ಪಾನಫುಟಿ ಎಂದೂ ಕರೆಯುವ, ಎಲೆಯ ಅಂಚಿನಲ್ಲಿ ಮರಿ ಹುಟ್ಟಿಸುವ ಗಿಡ ಈ ಕಲಾಂಚೋಯ್ ಗುಂಪಿನದೇ.

ಗುಲಾಬಿ ಹೂವಿನ ಆಕಾರದ ಬೂದು, ನೀಲಿ, ನಸುಗೆಂಪು ಗಿಡಗಳು ಈ ಅಂಗಡಿಯ ಮುಖ್ಯ ಆಕರ್ಷಣೆ. ಹೆಸರಿಸಲು ಅತಿ ಕಷ್ಟವಾದವುಗಳೂ ಇವೇ. ಹೂದಂಡು ಎಲೆಯ ಕಂಕುಳಿನಿಂದ ಪಕ್ಕಕ್ಕೆ ಹೊರಟು, ದಪ್ಪ ದಳಗಳು ಸೆಟೆದು ಹೂಜಿಯಂತೆ ನಿಂತರೆ ಎಚೆವೆರಿಯಾ; ದಳಗಳು ನಕ್ಷತ್ರದಂತೆ ಅರಳಿ ಮೇಲೆ ಕೆಂಪು ಚುಕ್ಕೆಗಳಿದ್ದರೆ ಗ್ರಾಪ್ಟೊಪೆಟಲಮ್. ಎರಡರ ನಡುವಿನ ರೂಪವಿದ್ದರೆ ಗ್ರಾಪ್ಟೊವೆರಿಯಾ ಎಂಬ ಸಂಕರ ಎನ್ನಬಹುದು, ಅದಕ್ಕಿಂತ ಮುಂದೆ ಹೋಗಿ ತಳಿಯ ಹೆಸರನ್ನು ಖಚಿತವಾಗಿ ಹೇಳುವುದು ಚೀಟಿ ಕಳೆದುಹೋದ ಮೇಲೆ ಯಾರಿಂದಲೂ ಆಗದ ಕೆಲಸ. ನೋಡಲು ಒಂದೇ ಥರ ಇರುವ ಹತ್ತಾರು ತಳಿಗಳಿವೆ, ತಂದೆತಾಯಿ ಗಿಡಗಳ ದಾಖಲೆ ಇಲ್ಲದೆ ಅವನ್ನು ಬೇರ್ಪಡಿಸಲು ಆಗದು. ವೈಜ್ಞಾನಿಕ ಹೆಸರುಗಳೂ ಎಡವುತ್ತವೆ ಎಂಬುದಕ್ಕೆ ಈ ಗುಂಪಿನಲ್ಲಿಯೇ ಒಂದು ಉದಾಹರಣೆ ಇದೆ: ಮೆಕ್ಸಿಕೋದ ಗ್ರಾಪ್ಟೊಪೆಟಲಮ್ ಪರಗ್ವಾಯೆನ್ಸೆಗೆ ಪರಾಗ್ವೆಯ ವಿಳಾಸ ಅಂಟಿಕೊಂಡು ಹಾಗೆಯೇ ಉಳಿದಿದೆ. ಈ ಗಿಡಗಳನ್ನು ಆರಿಸುವಾಗ ಎಲೆಗಳನ್ನು ಹಿಡಿಯದೆ ಕುಂಡವನ್ನು ಹಿಡಿದೆತ್ತಿ. ಮೈಮೇಲಿನ ಬೂದಿಯಂಥ ಮೇಣದ ಪುಡಿ ಒಮ್ಮೆ ಅಳಿಸಿದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ಇಲ್ಲಿಯ ಗಿಡಗಳಲ್ಲಿ ಅದು ಬಹುಮಟ್ಟಿಗೆ ಅಳಿಯದೆ ಉಳಿದಿದೆ, ಅಂದರೆ ಸಾಗಿಸುವಾಗ ಎಚ್ಚರ ವಹಿಸಿದ್ದಾರೆ.

ಹೋಲಿಕೆಗೆಂದು ನಗರದ ಒಂದು ಮಾಲ್‌ನೊಳಗಿನ ಗಿಡದಂಗಡಿಗೂ ಹೋಗಿ ನೋಡಿದೆ. ಅಲ್ಲಿ ಪ್ರತಿ ಕುಂಡಕ್ಕೂ ಅಂದವಾಗಿ ಮುದ್ರಿಸಿದ ಚೀಟಿ ಇತ್ತು. ಗ್ಯಾಸ್ಟೀರಿಯಾಕ್ಕೆ ಅಲೋವೆರಾ ಎಂದೂ ಮೂರು ಏಣಿನ ಯೂಫೋರ್ಬಿಯಾಕ್ಕೆ ಕ್ಯಾಕ್ಟಸ್ ಎಂದೂ ಬರೆದಿದ್ದರು. ಅಲೋವೆರಾ ಎಂದು ನಂಬಿ ಯಾರಾದರೂ ಎಲೆ ಕತ್ತರಿಸಿ ಮುಖಕ್ಕೆ ಹಚ್ಚಿಕೊಂಡರೆ ಹೊಣೆ ಯಾರು? ಸೋಲಾಪುರ ರಸ್ತೆಯ ಮಾಲೀಕರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ, ಮಾಳಿ ತನಗೆ ಗೊತ್ತಿರುವಷ್ಟನ್ನು ಮಾತ್ರ ಹೇಳುತ್ತಾರೆ. ತಪ್ಪು ಚೀಟಿ, ಚೀಟಿಯೇ ಇಲ್ಲದಿರುವುದು ಈ ಎರಡರ ನಡುವೆ ಆರಿಸಬೇಕಾದರೆ ನಾನು ಚೀಟಿಯಿಲ್ಲದ ಕುಂಡವನ್ನೇ ಆರಿಸುತ್ತೇನೆ, ಬೆಲೆಯ ಮಾತು ಬೇರೆಯೇ ಇದೆ.

ಆದರೂ ಅವರು ಮಾಡಬಹುದಾದುದು ಇದೆ, ಅದಕ್ಕೆ ಸಸ್ಯಶಾಸ್ತ್ರಜ್ಞರು ಬೇಕಿಲ್ಲ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕಡೆಯ ಸಗಟು ಬೆಳೆಗಾರರಿಂದ ಗಿಡಗಳು ಬರುತ್ತವೆ ಎಂದು ಮಾಲೀಕರೇ ತಿಳಿಸಿದರು. ಬೆಳೆಗಾರರ ಬಿಲ್ಲಿನಲ್ಲಿ ತಳಿಗಳ ಹೆಸರು ಬಹುಪಾಲು ಇರುತ್ತದೆ, ಟ್ರೇ ಇಳಿಸುವಾಗ ಅದನ್ನು ಒಂದು ಪಟ್ಟಿಯ ಮೇಲೆ ಬರೆದು ಟ್ರೇಗೆ ಸಿಕ್ಕಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಈಗಿನ ವ್ಯವಸ್ಥೆಗೆ ನಾನು ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಡಿತದಲ್ಲಿ ಒಂದು ಅಂಕ ಹೆಸರಿಗೆ, ಅರ್ಧ ಅಂಕ ಅಂಟಿಸಿದ ಹೂಗಳಿಗೆ.

ಹೋಗುವವರಿಗೆ ಕೆಲವು ವಿವರಗಳು. ಶನಿವಾರ, ಭಾನುವಾರ ಜನ ಹೆಚ್ಚು, ಮಾಳಿಯ ಜೊತೆ ಮಾತನಾಡಬೇಕಿದ್ದರೆ ವಾರದ ನಡುವೆ ಬೆಳಿಗ್ಗೆ ಹೋಗಬೇಕು. ಯುಪಿಐ ನಡೆಯುತ್ತದೆ, ಚೌಕಾಸಿ ಹೆಚ್ಚು ಗಿಡ ಕೊಂಡರೆ ಮಾತ್ರ. ಕುಂಡಗಳನ್ನು ಹಳೆಯ ಮರಾಠಿ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಕೊಡುತ್ತಾರೆ, ದಾರಿಯಲ್ಲಿ ಒಂದೂ ಉರುಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳ್ಳದಿರುವುದು ಲೇಸು. ಪುಣೆಯ ಮಳೆಗಾಲದ ತೇವದಲ್ಲಿ ಹೊಸ ಮಣ್ಣಿಗೆ ಹೊಂದಿಕೊಳ್ಳುವುದು ಈ ಗಿಡಗಳಿಗೆ ಕಷ್ಟ. ನವೆಂಬರ್ ಮೇಲೆ ರಾತ್ರಿಯ ಚಳಿಗೆ ಎಲೆಗಳ ಅಂಚು ಕೆಂಪೇರುವುದರಿಂದ ಬಣ್ಣ ನೋಡಿ ಆರಿಸಬಹುದು, ಜನವರಿಯಿಂದಾಚೆಗೆ ಹೂದಂಡು ಎದ್ದ ಕುಂಡಗಳೂ ಸಿಗುತ್ತವೆ. ಹೆಸರು ಹುಡುಕುವ ಉದ್ದೇಶವಿದ್ದವರು ಹೂ ಇರುವ ಕುಂಡವನ್ನೇ ಕೇಳಿ ಪಡೆಯಬೇಕು. ಅದಕ್ಕೆ ಬೆಲೆ ಹೆಚ್ಚಿಲ್ಲ, ಬದಲಿಗೆ ಹೂ ಬಂದ ಗಿಡ ಸೊರಗುತ್ತದೆ ಎಂದು ನಂಬಿ ಗಿರಾಕಿಗಳು ಬಿಟ್ಟು ಹೋಗುವುದರಿಂದ ಅಂಥವು ಹಿಂದಿನ ಸಾಲಿನಲ್ಲಿ ಉಳಿದಿರುತ್ತವೆ.